ಪಕ್ಕದಲ್ಲಿ ಮಲಗಿದವರನ್ನು ಕೇಳಿ

ಮೈಸೂರು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೊಂದು ಬಹಿರಂಗ ಪತ್ರ



ನಮ್ಮಪ್ಪನ ಗೊರಕೆ ಬೀದಿಗೆಲ್ಲ ಗೊತ್ತಿತ್ತು. ನಂಜನಗೂಡು ತಾಲ್ಲೂಕಿನಲ್ಲಿ ಕಪಿಲೆಯ ದಂಡೆಗೆ ನಮ್ಮೂರು. ಸೆಕೆಗಾಲದಲ್ಲಿ ಅಪ್ಪ ಜಗಲಿ ಮೇಲೆ ಮಲಗಿದರೆ, ‘ಯಜಮಾನರದು ಪುಣ್ಯದ ನಿದ್ದೆ’ ಎಂದು ಎದುರು ಮನೆಯವರು ಹೇಳುತ್ತಿದ್ದರು. ಅವ್ವ ಒಂದು ದಿನವೂ ಹಾಗೆ ಅಂದವಳಲ್ಲ. ಗೊರಕೆ ಕೇಳಿಸುತ್ತಿದ್ದರೆ ಅವಳಿಗೆ ನಿದ್ದೆ ಹತ್ತುತ್ತಿತ್ತು. ಗೊರಕೆ ನಿಂತರೆ ಎಚ್ಚರವಾಗುತ್ತಿತ್ತು. ಎದ್ದು ಕೂತು ಅಪ್ಪನ ಎದೆಯನ್ನೇ ನೋಡುತ್ತಿದ್ದಳು. ಎದೆ, ಹೊಟ್ಟೆ ಗುದ್ದಾಡುತ್ತಿದ್ದವು, ಉಸಿರು ಮಾತ್ರ ಇಲ್ಲ. ಭುಜ ಹಿಡಿದು ಅಲ್ಲಾಡಿಸುವಷ್ಟರಲ್ಲಿ ಅಪ್ಪ, ನೀರಿನಿಂದ ತಲೆ ಎತ್ತಿದವರಂತೆ ಗಕ್ಕನೆ ಉಸಿರೆಳೆದು, ಕಣ್ಣೂ ಬಿಡದೆ ಮತ್ತೆ ನಿದ್ದೆಗೆ ಜಾರುತ್ತಿದ್ದರು. ಒಂದು ರಾತ್ರಿ ನಾನೂ ಮೊಬೈಲು ಹಿಡಿದು ಪಕ್ಕದಲ್ಲಿ ಕೂತು ಎಣಿಸಿದೆ. ಒಮ್ಮೆ 22 ಸೆಕೆಂಡು, ಇನ್ನೊಮ್ಮೆ 31. ಬೆಳಗ್ಗೆ ಕೇಳಿದರೆ ಅಪ್ಪನಿಗೆ ಒಂದೂ ನೆನಪಿಲ್ಲ. ತಲೆ ಭಾರ, ಬಾಯಿ ಒಣಗಿದೆ ಎಂದಷ್ಟೇ ಹೇಳಿದರು.

ಅದಕ್ಕೆ ಮುಂಚಿನ ಮೂರು ವರ್ಷ ಅಪ್ಪ ಬಿಪಿ ಮಾತ್ರೆ ನುಂಗುತ್ತಿದ್ದರು. ಒಂದಿದ್ದದ್ದು ಎರಡಾಯಿತು, ಎರಡು ಮೂರಾಯಿತು, ಬಿಪಿ ಇಳಿಯಲಿಲ್ಲ. ತೋರಿಸಿದ ಕಡೆಯೆಲ್ಲ ಉಪ್ಪು ಬಿಡಿ ಎಂದರು. ನಿದ್ದೆ ಹೇಗೆ ಎಂದು ಅಪ್ಪನನ್ನು ಕೇಳಿದ್ದರೂ ‘ಚೆನ್ನಾಗಿದೆ’ ಎನ್ನುತ್ತಿದ್ದರು. ಉತ್ತರ ಗೊತ್ತಿದ್ದದ್ದು ಪಕ್ಕದಲ್ಲಿ ಚೀಟಿಯ ಚೀಲ ಹಿಡಿದು ನಿಂತಿದ್ದ ಅವ್ವನಿಗೆ. ಅವಳನ್ನು ಯಾರೂ ಕೇಳಲಿಲ್ಲ. ಆ ಒಂದು ಪ್ರಶ್ನೆಗಾಗಿ ಈ ಪತ್ರ.

ಈ ಕಾಯಿಲೆಗೆ ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನನಗೆ ಇದು ಅರ್ಥವಾದದ್ದು ನಮ್ಮ ಪಂಪ್‌ಸೆಟ್ಟಿನಿಂದ. ಹೊಳೆಯಿಂದ ನೀರೆಳೆಯುವ ಪೈಪು ಗಟ್ಟಿ. ಗದ್ದೆಗೆ ಬಿಡುವ ಪೈಪು ಮೆದು, ಸುತ್ತಿ ಹೆಗಲಿಗೆ ಹಾಕಿಕೊಳ್ಳಬಹುದು. ಆ ಮೆದು ಪೈಪನ್ನು ಎಳೆಯುವ ಬಾಯಿಗೆ ಕಟ್ಟಿದರೆ ಮೋಟಾರು ಎಳೆದಷ್ಟೂ ಪೈಪು ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ, ನೀರು ಬರುವುದಿಲ್ಲ. ನಮ್ಮ ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳ ಆಸರೆಯಿದೆ. ಅದರ ಮೇಲೆ, ಕಿರುನಾಲಿಗೆಯಿಂದ ನಾಲಿಗೆಯ ಬುಡದವರೆಗಿನ ಗಂಟಲಿಗೆ ಆ ಆಸರೆಯಿಲ್ಲ. ಅದನ್ನು ತೆರೆದಿಡುವುದು ಸ್ನಾಯುಗಳು. ನಿದ್ದೆಯಲ್ಲಿ ಅವು ಸಡಿಲವಾಗುತ್ತವೆ. ಕೊಬ್ಬು ತುಂಬಿದ ಕುತ್ತಿಗೆ, ಹಿಂದಕ್ಕೆ ಸರಿದ ಗದ್ದ, ದೊಡ್ಡ ಟಾನ್ಸಿಲ್, ಮಲಗುವ ಮುಂಚೆ ಕುಡಿದ ಮದ್ಯ, ಯಾವುದಾದರೂ ಜೊತೆಗೂಡಿದರೆ ಎದೆ ಎಳೆದಷ್ಟೂ ಗಂಟಲಿನ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಬೆಚ್ಚಿ ಎಬ್ಬಿಸುತ್ತದೆ, ಗಂಟಲು ತೆರೆಯುತ್ತದೆ, ನಿದ್ದೆ ಹತ್ತಿದೊಡನೆ ಮತ್ತೆ ಮುಚ್ಚುತ್ತದೆ. ಉಸಿರು 10 ಸೆಕೆಂಡು ನಿಂತರೆ ಅಥವಾ ತೀರ ತಗ್ಗಿದರೆ ಲೆಕ್ಕಕ್ಕೆ ಹಿಡಿಯುತ್ತಾರೆ. ಗಂಟೆಗೆ 30 ಸಲ ಹೀಗಾದರೆ ಕಾಯಿಲೆ ತೀವ್ರ. ಕೊನೆಗೆ ಪರೀಕ್ಷೆ ಮಾಡಿಸಿದಾಗ ಅಪ್ಪನದು 43 ಇತ್ತು.

ಪ್ರತಿ ಸಲವೂ ಹೃದಯಕ್ಕೆ ಒಂದು ಏಟು. ಇಳಿಯದ ಬಿಪಿ, ಲಯ ತಪ್ಪುವ ಹೃದಯ, ಲಕ್ವ ಇದರ ಬೆನ್ನಿಗೇ ಬರುತ್ತವೆ. ಹಗಲಿನ ತೂಕಡಿಕೆಯಂತೂ ಪಕ್ಕದವರ ಜೀವಕ್ಕೂ ಅಪಾಯ. ಕೊಳ್ಳೇಗಾಲದಿಂದ ತಿ. ನರಸೀಪುರ, ಮೈಸೂರು, ನಂಜನಗೂಡು ಹಾದು ಕೇರಳಕ್ಕೆ ಹೋಗುವ 766ನೇ ಹೆದ್ದಾರಿ ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕುಗಳ ನರ. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚುವುದರೊಳಗೆ ಕಾಡು ದಾಟಬೇಕೆಂದು ಲಾರಿಗಳು ಧಾವಿಸುವುದನ್ನು ದಿನಾ ನೋಡುತ್ತೇವೆ. ಆ ಸ್ಟೀರಿಂಗ್ ಹಿಡಿದವನ ಹಿಂದಿನ ರಾತ್ರಿಯ ನಿದ್ದೆ ಎಂಥದ್ದೆಂದು ಯಾರು ವಿಚಾರಿಸಿದ್ದಾರೆ?

ದೇಶದ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ದೆಹಲಿಯ ಏಮ್ಸ್ ವೈದ್ಯರು, ವಯಸ್ಕರಲ್ಲಿ ಶೇ. 11ರಷ್ಟು ಮಂದಿಗೆ ಇದು ಇರಬಹುದೆಂದು 2023ರಲ್ಲಿ ಅಂದಾಜು ಮಾಡಿದರು. ಅವರಲ್ಲಿ ಹೆಚ್ಚಿನವರು ಆಸ್ಪತ್ರೆಗೆ ಬರುವವರಲ್ಲ, ಯಾಕೆಂದರೆ ಕಾಯಿಲೆ ಕಾಣಿಸಿಕೊಳ್ಳುವಾಗ ರೋಗಿ ನಿದ್ದೆಯಲ್ಲಿರುತ್ತಾನೆ. ಸಾಕ್ಷಿ ಇರುವುದು ಮನೆಯಲ್ಲಿ. ನಿಮ್ಮ ಸಿಬ್ಬಂದಿ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಬಿಪಿ, ಸಕ್ಕರೆ ನೋಡಲು ಆ ಮನೆಯ ಬಾಗಿಲಿಗೇ ಬರುತ್ತಾರೆ. ಒಲೆಯ ಹೊಗೆಯಿಂದ ಹೆಂಗಸರ ಶ್ವಾಸಕೋಶಕ್ಕೆ ಏನಾಗಿದೆ ಎಂದು ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನವರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ ಅಧ್ಯಯನ ಮಾಡಿದ್ದುಂಟು. ಹಗಲಿನ ಉಸಿರನ್ನು ಕೇಳಿದ ಜಿಲ್ಲೆ ಇರುಳಿನ ಉಸಿರನ್ನೂ ಕೇಳಬೇಕು.

ಆದ್ದರಿಂದ ನನ್ನ ಬೇಡಿಕೆ ಮೂರು. ಮೊದಲನೆಯದು, ಮನೆ ಭೇಟಿಯ ಪುಸ್ತಕದಲ್ಲಿ ಪಕ್ಕದಲ್ಲಿ ಮಲಗುವವರಿಗಾಗಿ ಒಂದು ಸಾಲು ಇರಲಿ: ಜೋರು ಗೊರಕೆ ಉಂಟೇ, ನಡುವೆ ಉಸಿರು ನಿಲ್ಲುತ್ತದೆಯೇ, ಹಗಲು ತೂಕಡಿಸುತ್ತಾರೆಯೇ? ಕುತ್ತಿಗೆಗೊಂದು ಟೇಪು ಸುತ್ತಿ ನೋಡಲಿ. ಸುತ್ತಳತೆ 40 ಸೆಂಟಿಮೀಟರ್ ದಾಟಿದರೆ ಅದೂ ಒಂದು ಸೂಚನೆ. ಮುಟ್ಟು ನಿಂತ ಹೆಂಗಸರನ್ನೂ ಕೇಳಲಿ, ಇದು ಗಂಡಸರ ಕಾಯಿಲೆ ಮಾತ್ರವಲ್ಲ.

ಎರಡನೆಯದು, ನಂಜನಗೂಡು ಮತ್ತು ತಿ. ನರಸೀಪುರದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೆಗೇ ಕೊಟ್ಟು ಕಳಿಸುವ ನಿದ್ದೆ ಪರೀಕ್ಷೆಯ ಉಪಕರಣ ಇರಲಿ. ಮೂಗಿನ ಉಸಿರು, ಎದೆಯ ಚಲನೆ, ಬೆರಳಿನಲ್ಲಿ ಆಮ್ಲಜನಕ, ಇಷ್ಟನ್ನು ಒಂದು ರಾತ್ರಿ ದಾಖಲಿಸುವ ಪುಟ್ಟ ಯಂತ್ರವದು. ತಮ್ಮ ಮನೆಯ ಚಾಪೆ ಮೇಲೆ ಮಲಗಿಯೇ ಪರೀಕ್ಷೆ ಮುಗಿಯುತ್ತದೆ.

ಮೂರನೆಯದು, ಬೇಕಾದವರಿಗೆ ಸಿಪ್ಯಾಪ್ ಯಂತ್ರ ಎರವಲಾದರೂ ಸಿಗಲಿ. ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ 1981ರಲ್ಲಿ ತೋರಿಸಿಕೊಟ್ಟ ಉಪಾಯವಿದು: ಮೂಗಿನಿಂದ ಹದವಾದ ಒತ್ತಡದಲ್ಲಿ ಗಾಳಿ ಬಿಟ್ಟರೆ ಗಂಟಲು ಮುಚ್ಚುವುದಿಲ್ಲ. ನೀರು ತುಂಬಿ ಹರಿಯುವಾಗ ನಮ್ಮ ಮೆದು ಪೈಪು ಹೇಗೆ ಉಬ್ಬಿ ನಿಲ್ಲುತ್ತದೋ ಹಾಗೆ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ರಾತ್ರಿಯ ಕುಡಿತ ಬಿಡುವುದು ಕೆಲವರಿಗೆ ಬಹಳ ನೆರವಾಗುತ್ತವೆ. ತೀವ್ರವಾದವರಿಗೆ ಅಷ್ಟೇ ಸಾಲದು, ಯಂತ್ರಕ್ಕೆ ಹತ್ತಾರು ಸಾವಿರ ರೂಪಾಯಿ ಬೇಕು. ನಾವು ಒಂದು ಹಸು ಮಾರಿದೆವು.

ಯಂತ್ರ ಬಂದು ಎರಡು ವರ್ಷವಾಯಿತು. ಅಪ್ಪನ ಬಿಪಿ ಮಾತ್ರೆ ಮೂರರಿಂದ ಒಂದಕ್ಕೆ ಇಳಿದಿದೆ. ಕರೆಂಟು ಹೋದ ರಾತ್ರಿ ಮಾತ್ರ ಅವ್ವ ಈಗಲೂ ಎದ್ದು ಕೂತು ಅಪ್ಪನ ಎದೆ ನೋಡುತ್ತಾಳೆ. ಎರಡೂ ತಾಲ್ಲೂಕುಗಳಲ್ಲಿ ಹೀಗೆ ಕತ್ತಲಲ್ಲಿ ಕೂತು ಎಣಿಸುತ್ತಿರುವವರು ಎಷ್ಟು ಮಂದಿಯೋ. ಅವರ ಬಳಿ ಉತ್ತರ ತಯಾರಿದೆ. ನಿಮ್ಮ ಆಶಾ ಕಾರ್ಯಕರ್ತೆ ಮುಂದಿನ ಸಲ ಬಂದಾಗ ಕೇಳಲಿ.

ಇಂತಿ,
ಕಪಿಲೆಯ ದಂಡೆಯ ಒಬ್ಬ ರೈತನ ಮಗಳು
ನಂಜನಗೂಡು ತಾಲ್ಲೂಕು