ನೇಪಥ್ಯಕ್ಕೆ ಇಪ್ಪತ್ತೇ ನಿಮಿಷ?

ಕಳೆದ ರಾಜ್ಯೋತ್ಸವದ ದಿನ ನಮ್ಮ ಸಂಘದ ಮಕ್ಕಳ ಸಂಗೀತ ನಾಟಕಕ್ಕೆ ಬಣ್ಣ ಹಚ್ಚಿ, ಕಚ್ಚೆ ಉಡಿಸಿ, ತಬಲಾವನ್ನು ಹಾರ್ಮೋನಿಯಂ ಶ್ರುತಿಗೆ ಕೂಡಿಸಿ, ಹನ್ನೊಂದು ಮಕ್ಕಳನ್ನು ರಂಗಕ್ಕೆ ಬಿಡಲು ನಮಗೆ ಸಿಕ್ಕಿದ ಕಾಲ ಇಪ್ಪತ್ತು ನಿಮಿಷ. ಸನ್ಮಾನ ಸಮಾರಂಭಕ್ಕೆ ಸಂದದ್ದು ಎರಡು ಗಂಟೆ ಹತ್ತು ನಿಮಿಷ. ಲೆಕ್ಕ ತಪ್ಪಿಲ್ಲ, ಪರದೆಯ ಹಿಂದೆ ನಿಂತವರಿಗೆ ಗಡಿಯಾರ ನೋಡುವುದರ ಹೊರತು ಬೇರೆ ಉದ್ಯೋಗವಿರಲಿಲ್ಲ. ಬಣ್ಣದ ಕೋಣೆಯನ್ನು ಅತಿಥಿಗಳ ಉಪಾಹಾರಕ್ಕೆ ಬಿಟ್ಟುಕೊಡಲಾಗಿತ್ತು. ಭಾಷಣ ನಡೆಯುವಾಗ ಪೇಟಿಯ ಸದ್ದು ಕೇಳಬಾರದೆಂದು ಕಟ್ಟಪ್ಪಣೆಯೂ ಆಗಿತ್ತು.

ನಾಟಕ ಹೇಗೆ ನಡೆಯಿತೆಂಬುದನ್ನು ನೋಡಿದವರು ಬಲ್ಲರು. ಮೊದಲನೆಯ ಹಾಡು ಶ್ರುತಿಗೆ ಸೇರಲಿಲ್ಲ, ರಾಜನ ಮೀಸೆ ಎರಡನೆಯ ದೃಶ್ಯದಲ್ಲಿ ಕೆಳಗೆ ಬಿತ್ತು. ಇದರಿಂದ ನಮ್ಮ ಕಾರ್ಯಕಾರಿ ಸಮಿತಿಯ ಮಹನೀಯರು ಕಲಿತ ಪಾಠವೇನು? ಮುಂದಿನ ವರ್ಷದಿಂದ ಪೇಟಿ, ತಬಲಾ ಬೇಡವೇ ಬೇಡ. ಸಂಗೀತವನ್ನೆಲ್ಲ ಮೊದಲೇ ಧ್ವನಿಮುದ್ರಿಸಿ ಪೆನ್‌ಡ್ರೈವಿನಲ್ಲಿ ತಂದರೆ ಗುಂಡಿ ಒತ್ತಿದರಾಯಿತು, ನೇಪಥ್ಯಕ್ಕೆ ಇಪ್ಪತ್ತು ನಿಮಿಷವೂ ಬೇಕಾಗದು! ರೋಗಿಯ ಔಷಧದ ಖರ್ಚು ಉಳಿಸಲು ರೋಗಿಯನ್ನೇ ಸಾಗಹಾಕುವ ವೈದ್ಯ ಇದು. ನಾವು ಇದನ್ನು ಒಪ್ಪುವುದಿಲ್ಲ.

ಪರದೆಯ ಹಿಂದೆ ಆ ಹೊತ್ತಿನಲ್ಲಿ ಏನು ನಡೆಯುತ್ತದೆಂದು ಬಲ್ಲವರು ಸಮಿತಿಯಲ್ಲಿ ಕಡಿಮೆ ಎಂದು ಕಾಣುತ್ತದೆ. ಹೊರಗಿನ ಮುಂಬಯಿಯ ಹಸಿಗಾಳಿಯಲ್ಲಿ ಬಂದ ತಬಲಾ ಹವಾನಿಯಂತ್ರಿತ ಸಭಾಗೃಹದ ಒಣಗಾಳಿಗೆ ಸಿಕ್ಕೊಡನೆ ಅದರ ಚರ್ಮ ಬಿಗಿಯುತ್ತದೆ, ಸ್ವರ ಏರುತ್ತದೆ. ಅದನ್ನು ಒಂದು ಗಂಟೆಯಾದರೂ ಅಲ್ಲಿನ ಹವೆಗೆ ಬಿಟ್ಟು, ಆಮೇಲೆ ಸುತ್ತಿಗೆ ಹಿಡಿದು ಕೂತರೆ ಮಾತ್ರ ನಿಲ್ಲುತ್ತದೆ. ಇನ್ನು ಕಂಠ. ಹದಿಮೂರರ ಹುಡುಗ ಜೂನ್ ತಿಂಗಳ ತಾಲೀಮಿನಲ್ಲಿ ಕಪ್ಪು ನಾಲ್ಕರಲ್ಲಿ ಲೀಲಾಜಾಲವಾಗಿ ಹಾಡಿದವನು ನವೆಂಬರಿನಲ್ಲಿ ಬಿಳಿ ಎರಡಕ್ಕೇ ಏದುತ್ತಾನೆ, ಏಕೆಂದರೆ ನಡುವೆ ಅವನ ದನಿ ಒಡೆದಿದೆ. ನಮ್ಮ ಪೇಟಿಯ ಮೇಷ್ಟ್ರು ಅವನನ್ನು ಮೂಲೆಗೆ ಕರೆದು ಎರಡು ಸಾಲು ಹಾಡಿಸಿ, ಅಲ್ಲಿಯೇ ಷಡ್ಜ ಇಳಿಸಿಕೊಂಡು, "ಹೆದರಬೇಡ ಮರಿ, ನಾನಿದ್ದೇನೆ" ಎನ್ನುತ್ತಾರೆ. ಯಂತ್ರದಲ್ಲಿಯೂ ಶ್ರುತಿ ಇಳಿಸಬಹುದೆಂದು ನಮ್ಮ ಇಂಜಿನಿಯರ್ ಮಿತ್ರರೊಬ್ಬರು ವಾದಿಸಿದರು. ಇಳಿಸಬಹುದು, ಸರಿಯೇ. ಆದರೆ ಹುಡುಗ ನಡುವೆ ಸಾಲು ಮರೆತರೆ ಯಂತ್ರ ಕಾಯುವುದೇ? ಮಂತ್ರಿಯ ಪಂಚೆ ಕಟ್ಟುವುದು ತಡವಾದರೆ ಇನ್ನೆರಡು ಆವರ್ತ ನುಡಿಸಿ ಸಂಭಾಳಿಸುವುದೇ?

ಇದಕ್ಕಿಂತ ದೊಡ್ಡ ಮಾತೊಂದಿದೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಕನ್ನಡ ಲಿಪಿ ಬಾರದು. ಮಾತುಗಳನ್ನು ದೇವನಾಗರಿಯಲ್ಲಿ ಬರೆದುಕೊಂಡು ಉರು ಹಚ್ಚುತ್ತಾರೆ. ಮರಾಠಿ ಬರವಣಿಗೆಯಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಬೇರೆ ಅಕ್ಷರವಿಲ್ಲ. ಹೀಗಾಗಿ "ನನಗೆ ಕೊಡು" ಎನ್ನಬೇಕಾದ ರಾಜಕುಮಾರಿ "ನನಗೆ ಕೋಡು" ಎಂದು, ಪಾಪ, ತಲೆಯ ಮೇಲೆ ಕೊಂಬು ಮೂಡಿಸಿಕೊಳ್ಳುತ್ತಾಳೆ. ಇದನ್ನು ತಿದ್ದುವವರು ಯಾರು? ಸೀರೆಯ ನೆರಿಗೆಗೆ ಪಿನ್ನು ಹಾಕುತ್ತ ಕೂತ ಯಾರದೋ ಅಜ್ಜಿ. ಪಿನ್ನನ್ನು ಬಾಯಲ್ಲಿ ಕಚ್ಚಿಕೊಂಡೇ "ಕೋಡು ಅಲ್ಲವೇ ತಾಯಿ, ಕೊಡು" ಎಂದು ಹತ್ತು ಸಲ ಹೇಳಿಸುತ್ತಾರೆ. ವರ್ಷವಿಡೀ ಮನೆಯಲ್ಲಿ ಹಿಂದಿ, ಇಂಗ್ಲಿಷು ಆಡುವ ಮಗು ಅವತ್ತು ನಾಲ್ಕು ಗಂಟೆಯ ಕಾಲ ಧಾರವಾಡದ ಅಜ್ಜಿ, ಕುಂದಾಪುರದ ಮಾವ, ಮೈಸೂರಿನ ಮೇಷ್ಟ್ರ ಕನ್ನಡಗಳ ನಡುವೆ ಇರುತ್ತದೆ. ನಾವು ಕಂಡಂತೆ ಸಂಘದ ಯಾವ ಭಾಷಣದಿಂದಲೂ ಒಂದು ಮಗು ಕನ್ನಡ ಕಲಿತದ್ದಿಲ್ಲ.

"ಈಗ ಎಲ್ಲ ಕಡೆ ಹೀಗೆಯೇ" ಎಂಬುದು ಸಮಿತಿಯ ಇನ್ನೊಂದು ವಾದ. ಎಲ್ಲ ಕಡೆ ಎಂದರೆ ಎಲ್ಲಿ? ಇದೇ ನಗರದಲ್ಲಿ ಮರಾಠಿ ಸಂಗೀತ ನಾಟಕಗಳಿಗೆ ಹೋಗಿ ನೋಡಲಿ. ಆರ್ಗನ್, ತಬಲಾ ಇಂದಿಗೂ ರಂಗದ ಮುಂದೆಯೇ ಕೂರುತ್ತವೆ. 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ'ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ ಪರಂಪರೆಯನ್ನು ನೆರೆಯವರು ಕಾಪಾಡಿಕೊಂಡು ಬಂದಿದ್ದಾರೆ, ನಾವು ಗುಂಡಿ ಒತ್ತಲು ಹೊರಟಿದ್ದೇವೆ. ಅಷ್ಟು ದೂರವೇಕೆ, ನಮ್ಮ ಕರಾವಳಿಯ ಬಂಧುಗಳು ಇಲ್ಲಿ ಆಡಿಸುವ ಯಕ್ಷಗಾನದ ಚೌಕಿಗೆ ಇಣುಕಿದರೂ ಸಾಕು. ಗಣಪತಿಗೆ ಪೂಜೆಯಾಗದೆ ಅಲ್ಲಿಂದ ವೇಷ ಹೊರಡುವುದಿಲ್ಲ. ಹೊರಗೆ ಪೂರ್ವರಂಗ ನಡೆಯುವಷ್ಟು ಹೊತ್ತು ಒಳಗೆ ಮುಖ್ಯ ವೇಷಗಳ ಬಣ್ಣಗಾರಿಕೆ ನಿಧಾನವಾಗಿ ಸಾಗುತ್ತದೆ. ನೇಪಥ್ಯಕ್ಕೆ ಬೇಕಾದ ಕಾಲವನ್ನು ಆಟದ ಕಟ್ಟಿನಲ್ಲಿಯೇ ಸೇರಿಸಿದ ಹಿರಿಯರು ದಡ್ಡರೇನಲ್ಲ.

ಖರ್ಚಿನ ಮಾತು ಬರುತ್ತದೆ. ಸಭಾಗೃಹದ ಬಾಡಿಗೆ ಪಾಳಿಯ ಲೆಕ್ಕದಲ್ಲಿ, ಅದೂ ದುಬಾರಿ, ನಿಜ. ಆದರೆ ಶಾಲು, ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಗಾಜಿನ ಸ್ಮರಣಿಕೆಗಳಿಗೆ ಕಳೆದ ವರ್ಷ ಸಂದ ಹಣ ಪೇಟಿ, ತಬಲಾದವರಿಬ್ಬರ ಸಂಭಾವನೆಯ ಮೂರು ಪಟ್ಟು. ವಾರ್ಷಿಕ ಲೆಕ್ಕಪತ್ರದಲ್ಲಿ ಅಚ್ಚಾಗಿದೆ, ಸದಸ್ಯರು ತೆಗೆದು ನೋಡಬಹುದು. ಸನ್ಮಾನ ಬೇಡವೆಂದು ನಾವು ಹೇಳುತ್ತಿಲ್ಲ. ಹದಿನಾಲ್ಕು ಮಂದಿಗೆ ಬೇಡ, ಮೂವರಿಗೆ ಸಾಕು ಎನ್ನುತ್ತೇವೆ. ಅದೂ ನಾಟಕ ಮುಗಿದ ಮೇಲೆ ಆಗಲಿ. ಅಷ್ಟು ಹೊತ್ತು ಕೂತು ಮಕ್ಕಳ ಹಾಡು ಕೇಳಿದ ಅತಿಥಿಗೆ ಶಾಲು ಹೊದಿಸಲು ನಮ್ಮ ಅಭ್ಯಂತರವೇನೂ ಇಲ್ಲ.

ಬರುವ ಸಾಮಾನ್ಯ ಸಭೆಯಲ್ಲಿ ನಾವು ಇಪ್ಪತ್ತಾರು ಮಂದಿ ಸಹಿ ಹಾಕಿದ ಗೊತ್ತುವಳಿಯನ್ನು ಮಂಡಿಸುತ್ತೇವೆ. ಬಣ್ಣದ ಕೋಣೆಯ ಬೀಗದಕೈ ನಾಟಕಕ್ಕೆ ಮೂರು ಗಂಟೆ ಮುಂಚೆ ನಮ್ಮ ಕೈಗೆ ಬರಬೇಕು, ಉಪಾಹಾರಕ್ಕೆ ಬೇರೆ ಜಾಗ ನೋಡಿಕೊಳ್ಳಬೇಕು, ವಾದ್ಯದವರನ್ನು ಕೈಬಿಡಬಾರದು. ಗೊತ್ತುವಳಿ ಬಿದ್ದುಹೋದರೆ ಈ ವರ್ಷ ಸಂಗೀತ ನಾಟಕವನ್ನು ಸಮಿತಿಯವರೇ ಆಡಿಸಿಕೊಳ್ಳಲಿ. ಮೀಸೆ ಅಂಟಿಸುವ ಗೋಂದಿನ ಬಾಟಲಿ ಕಪಾಟಿನ ಮೇಲಿನ ಅರೆಯಲ್ಲಿದೆ.