ಗಡಿರೇಖೆಗೆ ಅಮೂರ್ತ ರೂಪ: ಜರೀನಾ ಉಳಿಸಿಹೋದ ಪ್ರಶ್ನೆ

ವಲಸೆ ಕುರಿತ ಚರ್ಚೆ ಜಗತ್ತಿನೆಲ್ಲೆಡೆ ಅಂಕಿ-ಅಂಶ, ದಾಖಲೆಪತ್ರ ಹಾಗೂ ಗಡಿಬೇಲಿಗಳ ಸುತ್ತಲೇ ನಡೆಯುತ್ತದೆ. ನೆಲೆ ಕಳೆದುಕೊಂಡವರ ಮನಸ್ಸಿನಲ್ಲಿ ಉಳಿಯುವ ಮನೆಯ ಲೆಕ್ಕ ಯಾವ ಸರ್ಕಾರದ ಕಡತದಲ್ಲೂ ಸಿಗದು. ಆ ಲೆಕ್ಕವನ್ನು ಕಾಗದದ ಮೇಲೆ ದಾಖಲಿಸಿದವರು ಅಲಿಗಢದಲ್ಲಿ ಜನಿಸಿ, ನ್ಯೂಯಾರ್ಕಿನಲ್ಲಿ ದಶಕಗಳ ಕಾಲ ನೆಲೆಸಿದ್ದ ಅಮೂರ್ತ ಕಲಾವಿದೆ ಜರೀನಾ ಹಾಶ್ಮಿ. 2020ರ ಏಪ್ರಿಲ್ 25ರಂದು ಅವರು ಲಂಡನ್ನಿನಲ್ಲಿ ನಿಧನರಾದರು.

1937ರಲ್ಲಿ ಜನಿಸಿದ ಜರೀನಾ ಹತ್ತು ವರ್ಷದ ಬಾಲಕಿಯಾಗಿದ್ದಾಗ ದೇಶ ಇಬ್ಭಾಗವಾಯಿತು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಪ್ರಾಧ್ಯಾಪಕರಾಗಿದ್ದ ತಂದೆ ಕೂಡಲೇ ಊರು ಬಿಡಲಿಲ್ಲ. ಆದರೆ 1950ರ ದಶಕದ ಕೊನೆಯಲ್ಲಿ ಕುಟುಂಬ ಕರಾಚಿಗೆ ತೆರಳಿತು. ಅಷ್ಟರಲ್ಲಿ ಗಣಿತದಲ್ಲಿ ಪದವಿ ಪಡೆದಿದ್ದ ಮಗಳು ರಾಜತಾಂತ್ರಿಕ ಅಧಿಕಾರಿಯ ಪತ್ನಿಯಾಗಿ ದೇಶದಿಂದ ದೇಶಕ್ಕೆ ಪಯಣ ಆರಂಭಿಸಿದ್ದರು. ಬ್ಯಾಂಕಾಕ್, ಪ್ಯಾರಿಸ್ ಮತ್ತು ಟೋಕಿಯೊಗಳಲ್ಲಿ ಅವರು ಅಚ್ಚುಕಲೆಯನ್ನು ಕಲಿತರು. 1970ರ ದಶಕದ ಮಧ್ಯಭಾಗದಲ್ಲಿ ನ್ಯೂಯಾರ್ಕ್ ಸೇರಿದರು.

ಅಮೂರ್ತ ಕಲೆ ಜನಜೀವನಕ್ಕೆ ಬೆನ್ನು ತಿರುಗಿಸಿದೆ ಎಂಬ ದೂರು ಹಳೆಯದು. ಜರೀನಾ ಅವರ ಕೃತಿಗಳ ಮುಂದೆ ಈ ದೂರು ನಿಲ್ಲುವುದಿಲ್ಲ. 1999ರ ‘ಹೋಮ್ ಈಸ್ ಎ ಫಾರಿನ್ ಪ್ಲೇಸ್’ ಸರಣಿಯಲ್ಲಿ 36 ಮರದಚ್ಚು ಚಿತ್ರಗಳಿವೆ. ಹೊಸ್ತಿಲು, ಅಂಗಳ, ದೂರ, ಗಡಿ ಮುಂತಾದ ಒಂದೊಂದು ಉರ್ದು ಪದಕ್ಕೂ ಒಂದೊಂದು ಜ್ಯಾಮಿತೀಯ ರೂಪ. ಮರಳಲಾಗದ ಮನೆಯಲ್ಲಿ ಬಣ್ಣ, ಪೀಠೋಪಕರಣಗಳು ಮಾಸಿಹೋಗುತ್ತವೆ, ಕೊನೆಗೆ ಉಳಿಯುವುದು ನಕ್ಷೆ ಮಾತ್ರ. ಅವರ ಪಾಲಿಗೆ ಅಮೂರ್ತತೆ ಕೇವಲ ಶೈಲಿಯ ಆಯ್ಕೆಯಾಗಿರಲಿಲ್ಲ, ನೆನಪು ಉಳಿಸಿಕೊಟ್ಟ ರೂಪವೇ ಅದಾಗಿತ್ತು.

2001ರ ‘ಡಿವೈಡಿಂಗ್ ಲೈನ್’ ಕೃತಿಯಲ್ಲಿರುವುದು ಭಾರತ-ಪಾಕಿಸ್ತಾನಗಳ ನಡುವಣ ಗಡಿ ಮಾತ್ರ. ಕಲಾವಿದೆ ಇಲ್ಲಿ ರೇಖೆಯನ್ನು ಕೊರೆದಿಲ್ಲ, ಸುತ್ತಲಿನ ಮರವನ್ನು ಕೆತ್ತಿ ತೆಗೆದು ರೇಖೆಯನ್ನು ಉಳಿಸಿದ್ದಾರೆ. ಎರಡೂ ಬದಿಯ ಊರು-ಕೇರಿಗಳೆಲ್ಲ ಅಳಿದು ರ‍್ಯಾಡ್‌ಕ್ಲಿಫ್ ಎಳೆದ ಗೆರೆಯೊಂದೇ ಉಳಿದ ಚಿತ್ರವಿದು. 2004ರ ‘ಲೆಟರ್ಸ್ ಫ್ರಂ ಹೋಮ್’ ಸರಣಿಯಲ್ಲಿ ಪಾಕಿಸ್ತಾನದಲ್ಲಿದ್ದ ಅಕ್ಕ ಬರೆದೂ ಅಂಚೆಗೆ ಹಾಕದ ಪತ್ರಗಳ ಮೇಲೆ ಮನೆಗಳ ನಕ್ಷೆಯನ್ನು ಮುದ್ರಿಸಲಾಗಿದೆ.

ಇಷ್ಟು ಮಿತವಾದ ರೂಪ ವಿಭಜನೆಯ ರಕ್ತಪಾತವನ್ನು ಮರೆಮಾಚುವುದಿಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ಅವರ ದೃಷ್ಟಿ ಸ್ವಂತ ದುಃಖಕ್ಕಷ್ಟೇ ಸೀಮಿತವಾಗಿರಲಿಲ್ಲ. 2003ರಲ್ಲಿ ರಚಿಸಿದ ಸರಣಿಯೊಂದರಲ್ಲಿ ಸರಾಯೆವೊ, ಬೈರೂತ್, ಬಾಗ್ದಾದ್‌ಗಳ ಸಾಲಿನಲ್ಲೇ ಅಹಮದಾಬಾದ್ ಮತ್ತು ನ್ಯೂಯಾರ್ಕ್ ಕೂಡ ಇವೆ. ನಾಶಕ್ಕೆ ತುತ್ತಾದ ನಗರಗಳ ನಡುವೆ ಅವರು ಸ್ವದೇಶ, ಪರದೇಶವೆಂಬ ಭೇದವೆಣಿಸಲಿಲ್ಲ.

ಇಂಥ ಕಲಾವಿದೆಯ ಕೃತಿಗಳು 2011ರ ವೆನಿಸ್ ಬಿಯೆನಾಲೆಯ ಭಾರತೀಯ ಮಂಟಪದಲ್ಲಿ ಪ್ರದರ್ಶನಗೊಂಡಾಗ ಅವರಿಗೆ ವಯಸ್ಸು 70 ದಾಟಿತ್ತು. ಮರುವರ್ಷ ಲಾಸ್ ಏಂಜಲೀಸ್‌ನಲ್ಲಿ ಆರಂಭವಾದ ಸಿಂಹಾವಲೋಕನ ಪ್ರದರ್ಶನ 2013ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ವಸ್ತುಸಂಗ್ರಹಾಲಯಕ್ಕೂ ಬಂತು. ಮನ್ನಣೆ ದೊರೆತರೂ ಅವರು ಯಾವ ದೇಶದ ಕಲಾವಿದೆ ಎಂಬ ಪ್ರಶ್ನೆಗೆ ಸರಳ ಉತ್ತರವಿಲ್ಲ. ಗಡಿ ಎಳೆಯುವ ಕೆಲಸ ಕೆಲವೇ ವಾರಗಳಲ್ಲಿ ಮುಗಿಯಬಹುದು. ಅದರ ಎರಡೂ ಬದಿಯಲ್ಲಿ ಒಡೆದ ಮನೆಗಳ ಲೆಕ್ಕ ಒಂದು ಜೀವಮಾನದಲ್ಲೂ ಮುಗಿಯುವುದಿಲ್ಲ. ಪೌರತ್ವ, ವಲಸೆಗಳ ಬಗ್ಗೆ ನೀತಿ ರೂಪಿಸುವವರು ಒಮ್ಮೆಯಾದರೂ ನಿಂತು ನೋಡಬೇಕಾದದ್ದು ಕಾಗದದ ಮೇಲಿನ ಆ ಕಪ್ಪು ರೇಖೆಯನ್ನು.