ಪಾಲಾದ ಮನೆಯ ಹಾಡು

"ಅರ್ಧ ಬ್ಯಾಂಡಿಗೆ ಪೂರ್ತಿ ದುಡ್ಡು ಯಾಕ್ರೀ ಕೊಡಬೇಕು?"

2024ರ ನವೆಂಬರಿಗೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಡೇವಿಡ್ ಗಿಲ್ಮೋರ್ ಬರ್ತಾನೆ ಅಂತ ಗೊತ್ತಾಗಿ, ನಾನು ಟಿಕೆಟ್ ತೆಗೆಯೋಕೆ ಕೂತಿದ್ದಾಗ ಬೆಲೆ ನೋಡಿದ ನನ್ನ ಹೆಂಡತಿ ಕೇಳಿದ್ದು ಇದು. ನ್ಯಾಯವಾದ ಪ್ರಶ್ನೆಯೇ. ಆಗ ಏನೋ ಹಾರಿಕೆಯ ಉತ್ತರ ಕೊಟ್ಟು ತಪ್ಪಿಸಿಕೊಂಡೆ. ಆದ್ರೆ ಪಿಂಕ್ ಫ್ಲಾಯ್ಡ್ ಅನ್ನೋ ಬ್ಯಾಂಡನ್ನ ನಾನು ಯಾವತ್ತೂ ಪೂರ್ತಿಯಾಗಿ ನೋಡಿಲ್ಲ, ಇಪ್ಪತ್ತೆರಡು ವರ್ಷಗಳಿಂದ ತುಂಡು ತುಂಡಾಗೇ ನೋಡ್ತಾ ಬಂದಿದೀನಿ. ಹಾಗಾಗಿ ಆ ಪ್ರಶ್ನೆಗೆ ಉತ್ತರ ನನ್ನ ಹತ್ರ ಇರಲೇಬೇಕಲ್ಲ? ಯೋಚನೆ ಮಾಡ್ತಾ ಹೋದೆ, ಇಷ್ಟುದ್ದ ಆಯ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಎಪ್ಪತ್ತರ ದಶಕದಲ್ಲಿ ಈ ಇಂಗ್ಲಿಷ್ ಬ್ಯಾಂಡಿನಲ್ಲಿದ್ದವರು ನಾಲ್ಕು ಜನ. ಬಾಸ್ ಗಿಟಾರಿನ ರೋಜರ್ ವಾಟರ್ಸ್, ಗಿಟಾರಿನ ಡೇವಿಡ್ ಗಿಲ್ಮೋರ್, ಕೀಬೋರ್ಡಿನ ರಿಕ್ ರೈಟ್, ಡ್ರಮ್ಮಿನ ನಿಕ್ ಮೇಸನ್. (ಶುರು ಮಾಡಿದ ಸಿಡ್ ಬ್ಯಾರೆಟ್ ಮನಸ್ಸಿನ ಆರೋಗ್ಯ ಕೆಟ್ಟು 1968ರಲ್ಲೇ ಹೊರಗೆ ಬಂದಿದ್ದ, ಅವನದ್ದು ಬೇರೆಯೇ ಕಥೆ.) ಮಾತು ಹೆಚ್ಚಾಗಿ ವಾಟರ್ಸನದು, ನಾದ ಹೆಚ್ಚಾಗಿ ಗಿಲ್ಮೋರ್ ಮತ್ತು ರೈಟ್‌ರದು. 1985ರಲ್ಲಿ ವಾಟರ್ಸ್ ಹೊರನಡೆದ. ತಾನಿಲ್ಲದ ಮೇಲೆ ಆ ಹೆಸರು ಯಾರೂ ಬಳಸಬಾರದು ಅಂದ. ಉಳಿದವರು ಬಳಸ್ತೀವಿ ಅಂದರು. ಕೋರ್ಟು ಕಚೇರಿ ಆಗಿ 1987ರ ಕೊನೆಗೆ ರಾಜಿಯಾಯ್ತು: ಹೆಸರು ಇವರಿಗೆ, 'ದ ವಾಲ್' ಅವನಿಗೆ. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾಗುವಾಗ ತೋಟ ನಿಂಗೆ, ಮನೆ ನಂಗೆ, ಬಾವಿ ಮಾತ್ರ ಇಬ್ಬರಿಗೂ ಅಂತಾರಲ್ಲ, ಥೇಟ್ ಹಾಗೇ. ಶೋಗಳಲ್ಲಿ ಹಾರಿಸುತ್ತಿದ್ದ ಗಾಳಿ ತುಂಬಿದ ಹಂದಿಗೂ ತಕರಾರು ಬಂದು, ಗಿಲ್ಮೋರ್ ಕಡೆಯವರು ಅದಕ್ಕೆ ದೊಡ್ಡ ವೃಷಣ ಅಂಟಿಸಿ 'ಇದು ಬೇರೆ ಹಂದಿ' ಅಂದರು ಅನ್ನೋ ಕಥೆ ಫ್ಯಾನುಗಳ ನಡುವೆ ಪ್ರಸಿದ್ಧ :-)

*

ನಾನು ಏಳನೇ ಕ್ಲಾಸಿನವರೆಗೆ ಅಲ್ಲ ಸ್ವಾಮಿ, ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಮ್. ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ನನ್ನ ರೂಮ್‌ಮೇಟು ಬೆಂಗಳೂರಿನ ಕಾನ್ವೆಂಟ್ ಹುಡುಗ. ಅವನ ಟೇಪ್ ರೆಕಾರ್ಡರಿನಲ್ಲಿ ಮೊದಲ ಸಲ ಈ ಬ್ಯಾಂಡ್ ಕೇಳಿದಾಗ ನನಗೆ ಒಂದು ಪದವೂ ಅರ್ಥವಾಗಲಿಲ್ಲ. ಅರ್ಥವಾಗಿದ್ದು ಗಿಟಾರು. ಗಿಲ್ಮೋರ್ ವೇಗವಾಗಿ ನುಡಿಸೋನಲ್ಲ, ಒಂದೇ ಸ್ವರವನ್ನ ಬಗ್ಗಿಸಿ ಹಿಡಿದು ನಿಲ್ಲಿಸ್ತಾನೆ. ಶಾಲೆಯ ಪಕ್ಕದ ರಾಮಮಂದಿರದಲ್ಲಿ ಪಿಟೀಲು ಕೇಳಿ ಬೆಳೆದ ಕಿವಿಗೆ ಅದಕ್ಕೆ ಡಿಕ್ಷನರಿ ಬೇಕಿರಲಿಲ್ಲ. ಹೀಗೆ ನಾನು ಗಿಲ್ಮೋರ್ ಪಾರ್ಟಿ ಆದೆ. ಕ್ಯಾಸೆಟ್ಟಿನ ಒಳಗಿನ ಹಾಳೆ ಓದಿಕೊಂಡು ಪ್ರತಿ ಸಾಲಿಗೂ ತಲೆದೂಗುತ್ತಿದ್ದ ಗೆಳೆಯ ವಾಟರ್ಸ್ ಪಾರ್ಟಿ. "ಲೇ, ಬರೀ ಕುಂಯ್ ಕುಂಯ್ ಅನ್ನೋದನ್ನ ಕೇಳ್ತೀಯಲ್ಲೋ, ಅವನು ಏನ್ ಹೇಳ್ತಿದಾನೆ ಅಂತ ಕೇಳು" ಅಂತ ಅವನು, "ಹೇಳೋದನ್ನ ಪೇಪರಿನಲ್ಲಿ ಓದ್ತೀನಿ ಬಿಡು" ಅಂತ ನಾನು. ಬ್ಯಾಂಡ್ ಒಡೆದು ಹದಿಮೂರು ವರ್ಷ ಆಗಿತ್ತು, ನಾವು ಹಾಸ್ಟೆಲ್ಲಿನಲ್ಲಿ ಹೊಸದಾಗಿ ಒಡೆಯುತ್ತಿದ್ದೆವು.

2002ರ ಏಪ್ರಿಲ್‌ನಲ್ಲಿ ವಾಟರ್ಸ್ ಬೆಂಗಳೂರಿಗೇ ಬಂದ. ಅರಮನೆ ಮೈದಾನ. ಇಬ್ಬರೂ ಹೋದೆವು. ಆ ಸೆಕೆ, ಆ ಧೂಳು, ಊರಿನ ಪಬ್ಬುಗಳಲ್ಲಿ ವರ್ಷಗಟ್ಟಲೆ ಇದೇ ಹಾಡು ಕೇಳಿಕೊಂಡು ಬಂದಿದ್ದ ಜನ, ಬರೀ ಕುತೂಹಲಕ್ಕೆ ಬಂದವರು, ಎಲ್ಲ ಒಟ್ಟಿಗೆ. ಕಂಫರ್ಟಬ್ಲಿ ನಂಬ್ ಬಂದಾಗ ಗಿಲ್ಮೋರನ ಜಾಗ ತುಂಬೋಕೆ ಇಬ್ಬರು ಗಿಟಾರಿನವರು ಸರದಿಯ ಮೇಲೆ ನುಡಿಸಿದರು. ಚೆನ್ನಾಗೇ ನುಡಿಸಿದರು. ನಾನು ಮಾತ್ರ ಗೆಳೆಯನ ಕಿವಿಯಲ್ಲಿ, "ನೋಡು, ಒಬ್ಬನ ಕೆಲಸಕ್ಕೆ ಇಬ್ಬರು ಬೇಕಾಯ್ತು" ಅಂದೆ. ಅವನು ಮನೆಗೆ ಹೋಗುವ ತನಕ ನನ್ನ ಜೊತೆ ಮಾತಾಡಲಿಲ್ಲ.

ಈ ಹಾಡಿನ ಬಗ್ಗೆ ಒಂದಿಷ್ಟು ಹೇಳಲೇಬೇಕು, ಯಾಕಂದ್ರೆ ನನ್ನ ವಾದವೆಲ್ಲ ಇದರ ಮೇಲೇ ನಿಂತಿದೆ. ಇದರ ರಾಗದ ಬೀಜ ಗಿಲ್ಮೋರನದು, 1978ರಲ್ಲಿ ತನ್ನ ಸ್ವಂತ ಆಲ್ಬಮ್ಮಿನ ಹೊತ್ತಿಗೆ ಮಾಡಿಟ್ಟುಕೊಂಡಿದ್ದು. ಮಾತು ವಾಟರ್ಸನದು, 1977ರಲ್ಲಿ ಫಿಲಡೆಲ್ಫಿಯಾದಲ್ಲಿ ಹೊಟ್ಟೆನೋವಿಗೆ ಡಾಕ್ಟರು ಕೊಟ್ಟ ಇಂಜೆಕ್ಷನ್ನಿನ ಮಂಪರಿನಲ್ಲೇ ಸ್ಟೇಜ್ ಹತ್ತಿದ ಅನುಭವದಿಂದ ಬಂದಿದ್ದು. ರೆಕಾರ್ಡಿಂಗಿನಲ್ಲಿ ಹೇಗಿರಬೇಕು ಅಂತ ಇಬ್ಬರೂ ಜೋರು ಜಗಳ ಆಡಿ, ಕೊನೆಗೆ ಸ್ವಲ್ಪ ಇವನ ರೀತಿ, ಸ್ವಲ್ಪ ಅವನ ರೀತಿ ಸೇರಿಸಿದರು. ಹಾಡಿನಲ್ಲೇ ಇಬ್ಬರಿದ್ದಾರೆ. ಪ್ರಶ್ನೆ ಕೇಳುವ ಡಾಕ್ಟರಾಗಿ ವಾಟರ್ಸ್, ಎಲ್ಲೋ ದೂರದಿಂದ ಉತ್ತರಿಸುವ ರೋಗಿಯಾಗಿ ಗಿಲ್ಮೋರ್. ಒಬ್ಬನ ದನಿ ಒರಟು, ಇನ್ನೊಬ್ಬನದು ಹತ್ತಿಯ ಹಾಗೆ. ಮಾತು ಮುಗಿದ ಮೇಲೆ ಗಿಟಾರು. ಈ ಹಾಡನ್ನ ಪಾಲು ಮಾಡೋಕೇ ಬರೋದಿಲ್ಲ, ಆದ್ರೂ ಇಬ್ಬರೂ ಬೇರೆ ಬೇರೆಯಾಗಿ ಮಾಡಿಕೊಂಡು ಬಂದಿದ್ದು ಅದನ್ನೇ.

*

2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ, ಲೈವ್ 8 ಕಾರ್ಯಕ್ರಮಕ್ಕೆ, ನಾಲ್ವರೂ ಮತ್ತೆ ಒಟ್ಟಿಗೆ ನಿಂತರು. ವಾಟರ್ಸ್ ಜೊತೆಗಿದ್ದು ಇಪ್ಪತ್ತನಾಲ್ಕು ವರ್ಷದ ಮೇಲೆ. ಅಷ್ಟರಲ್ಲಿ ನಾನು ನ್ಯೂಜೆರ್ಸಿಗೆ ಬಂದಾಗಿತ್ತು. ಇಲ್ಲಿ ಸಂಜೆ ಆರು, ಊರಿನಲ್ಲಿ ಬೆಳಗಿನ ಜಾವ ಮೂರೂವರೆ. ಗೆಳೆಯ ಫೋನಿನ ಆ ಕಡೆ ಎದ್ದು ಕೂತಿದ್ದ. ಕಂಫರ್ಟಬ್ಲಿ ನಂಬ್‌ನ ಗಿಟಾರ್ ಶುರುವಾಗಿ ಮೈ ಜುಂ ಅನ್ನೋ ಹೊತ್ತಿಗೆ ನಾನು ನೋಡ್ತಿದ್ದ ಚಾನೆಲ್ಲಿನವರು ಹಾಡು ಬಿಟ್ಟು ನಿರೂಪಕರ ಮುಖ ತೋರಿಸಿದರು! ಈ ದೇಶದಲ್ಲಿ ನಾನು ಮೊದಲ ಸಲ ಅಪ್ಪಟ ಕನ್ನಡದಲ್ಲಿ ಬೈದದ್ದು ಅವತ್ತೇ ಇರಬೇಕು.

ಮುಂದಿನ ವರ್ಷ, 2006, ನನ್ನ ಅದೃಷ್ಟದ ವರ್ಷ. ಏಪ್ರಿಲ್‌ನಲ್ಲಿ ರೇಡಿಯೋ ಸಿಟಿ ಮ್ಯೂಸಿಕ್ ಹಾಲಿನಲ್ಲಿ ಗಿಲ್ಮೋರ್, ಸೆಪ್ಟೆಂಬರಿನಲ್ಲಿ ಅಲ್ಲಿಂದ ನಡೆದುಹೋಗಬಹುದಾದಷ್ಟು ದೂರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ವಾಟರ್ಸ್. ಗಿಲ್ಮೋರ್ ಜೊತೆ ರಿಕ್ ರೈಟ್ ಇದ್ದ. 1971ರ ಎಕೋಸ್ ನುಡಿಸಿದರು, ಇಪ್ಪತ್ತಕ್ಕೂ ಹೆಚ್ಚು ನಿಮಿಷದ ಹಾಡು. ಇಬ್ಬರೂ ಒಟ್ಟಿಗೆ ಹಾಡೋದನ್ನ ಕೇಳ್ತಾ, ಎಷ್ಟು ವರ್ಷ ನಾನು ಗಿಲ್ಮೋರನದು ಅಂದುಕೊಂಡಿದ್ದರಲ್ಲಿ ಅರ್ಧ ಈ ಮೂಲೆಯಲ್ಲಿ ತಲೆ ತಗ್ಗಿಸಿ ಕೂತ ಮನುಷ್ಯನದು ಅಂತ ಗೊತ್ತಾಯ್ತು. ಎರಡು ವರ್ಷದ ನಂತರ, 2008ರ ಸೆಪ್ಟೆಂಬರಿನಲ್ಲಿ, ರೈಟ್ ತೀರಿಕೊಂಡ. ಅವನಿಲ್ಲದೆ ಎಕೋಸ್ ನುಡಿಸೋಲ್ಲ ಅಂತ ಗಿಲ್ಮೋರ್ ನಿಲ್ಲಿಸಿಬಿಟ್ಟ. ಹಾಗಾಗಿ 'ಒಂದಾಗಿ, ಒಂದಾಗಿ' ಅಂತ ಇವತ್ತಿಗೂ ಗೋಗರೆಯುವವರನ್ನ ಕಂಡ್ರೆ ನನಗೆ ಸಿಟ್ಟು ಬರತ್ತೆ. ಯಾರು ಯಾರ ಜೊತೆ ಒಂದಾಗಬೇಕು ಸ್ವಾಮಿ? ಮನೆಯ ಒಂದು ಕಂಬವೇ ಹೋಗಿ ಎಷ್ಟು ವರ್ಷವಾಯ್ತು.

ಸೆಪ್ಟೆಂಬರಿನ ವಾಟರ್ಸ್ ಶೋ ಪೂರ್ತಿ ಬೇರೆ ಥರ. ರೇಡಿಯೋ ಸಿಟಿಯಲ್ಲಿ ಜನ ಕಣ್ಣು ಮುಚ್ಚಿ ಕೂತಿದ್ದರು, ಇಲ್ಲಿ ಕಣ್ಣು ಮಿಟುಕಿಸೋಕೆ ಬಿಡಲಿಲ್ಲ. ಇರಾಕ್ ಯುದ್ಧದ ಕಾಲ, ಬೇರೂತಿನ ಬಗ್ಗೆ ಒಂದು ಉದ್ದದ ಹಾಡು, ಹಾರುವ ಹಂದಿಯ ಮೈಮೇಲೆ ಘೋಷಣೆಗಳು. ನನ್ನ ಹಿಂದಿನ ಸಾಲಿನಲ್ಲೊಬ್ಬ ಛೀ ಥೂ ಅಂತಲೇ ಇದ್ದ, ಆದ್ರೆ ಎದ್ದು ಮಾತ್ರ ಹೋಗಲಿಲ್ಲ. ಡಾರ್ಕ್ ಸೈಡ್ ಆಫ್ ದ ಮೂನ್ ಮೊದಲಿನಿಂದ ಕೊನೆಯವರೆಗೆ. ಒಪ್ಪ ಓರಣ ಎಲ್ಲ ಇತ್ತು. ಆದ್ರೂ ಮನೆಗೆ ಬರುವಾಗ ಟ್ರೇನಿನಲ್ಲಿ ನನಗೆ ನೆನಪಾಗುತ್ತಿದ್ದದ್ದು ಏಪ್ರಿಲ್‌ನ ಗಿಟಾರು. ನನ್ನ ಪಾರ್ಟಿ ಇನ್ನೂ ಬದಲಾಗಿರಲಿಲ್ಲ.

ಬದಲಾಗಿದ್ದು 2010ರ ಅಕ್ಟೋಬರಿನಲ್ಲಿ, ಅದೇ ಹಾಲಿನಲ್ಲಿ, 'ದ ವಾಲ್' ನೋಡಿದಾಗ. ಅದರ ಹಿಂದಿನ ವರ್ಷ ನನ್ನ ಅಪ್ಪ ತೀರಿಕೊಂಡಿದ್ದರು. ಸುದ್ದಿ ಬಂದಿದ್ದು ಆಫೀಸಿನಲ್ಲಿದ್ದಾಗ. ಟಿಕೆಟ್ ಸಿಕ್ಕಿ, ವಿಮಾನ ಬದಲಾಯಿಸಿ, ಊರು ಮುಟ್ಟುವಾಗ ಮೂರನೇ ದಿನ. ಕಾಯೋಕೆ ಆಗಲ್ಲ ಅಂತ ಚಿಕ್ಕಪ್ಪನ ಮಗನೇ ಎಲ್ಲ ಮುಗಿಸಿದ್ದ. ಯಾರೂ ನನಗೆ ಒಂದು ಮಾತು ಅನ್ನಲಿಲ್ಲ, ಅದೇ ಕಷ್ಟವಾಗಿದ್ದು. ವಾಪಸು ಬಂದು ಕೆಲಸ, ಮಗಳ ಸ್ಕೂಲು, ಹಿಮ ಬಾಚೋದು. ಚೆನ್ನಾಗಿದೀಯಾ ಅಂದ್ರೆ ಚೆನ್ನಾಗಿದೀನಿ.

ವಾಟರ್ಸನ ಅಪ್ಪ 1944ರ ಫೆಬ್ರವರಿಯಲ್ಲಿ ಇಟಲಿಯ ಆನ್‌ಜಿಯೋ ಯುದ್ಧದಲ್ಲಿ ಸತ್ತಾಗ ಮಗನಿಗೆ ಐದು ತಿಂಗಳು. ಸ್ಟೇಜಿನ ಉದ್ದಕ್ಕೂ ಇಟ್ಟಿಗೆ ಇಟ್ಟಿಗೆಯಾಗಿ ಗೋಡೆ ಏಳ್ತಾ ಹೋಗತ್ತೆ, ಅದರ ಮೇಲೆ ಮೊದಲು ಆ ಅಪ್ಪನ ಫೋಟೋ ಬಂತು, ಹೆಸರು, ಹುಟ್ಟಿದ ದಿನ, ಸತ್ತ ದಿನ. ಆಮೇಲೆ ಯಾವ್ಯಾವುದೋ ದೇಶದ, ಯಾವ್ಯಾವುದೋ ಯುದ್ಧಗಳಲ್ಲಿ ಸತ್ತವರ ಫೋಟೋಗಳು. ನನ್ನಪ್ಪ ಯುದ್ಧದಲ್ಲಿ ಸತ್ತವರಲ್ಲ, ಹಳ್ಳಿ ಶಾಲೆಯ ಮೇಷ್ಟರು. ಆದ್ರೂ ಆ ಡಾಕ್ಟರ್ ರೋಗಿಯ ಹಾಡು ಬಂದು, ಎಲ್ಲಿ ನೋವು ಅಂತ ಕೇಳುವ ಜಾಗ ಬಂದಾಗ, ಹಾಸ್ಟೆಲ್ಲಿನಲ್ಲಿ ಗೆಳೆಯ ಹೇಳ್ತಿದ್ದ 'ಅವನು ಏನ್ ಹೇಳ್ತಿದಾನೆ' ಅನ್ನೋದು ನನಗೆ ಮೊದಲ ಸಲ ಕೇಳಿಸ್ತು. ಹನ್ನೆರಡು ವರ್ಷ ಆ ಮಾತು ನನ್ನ ಕಿವಿ ಮೇಲೇ ಬಿದ್ದಿತ್ತು. ಗೋಡೆಯ ಮೇಲೆ ನಿಂತು ಗಿಲ್ಮೋರನ ಸಾಲು ಹಾಡಿದವನು ಬೇರೆ, ಸೋಲೋ ನುಡಿಸಿದವನು ಬೇರೆ, ನನಗೆ ಅವತ್ತು ಅದು ಮುಖ್ಯವಾಗಲೇ ಇಲ್ಲ. (ಮುಂದಿನ ಮೇ ತಿಂಗಳು, ಲಂಡನ್ನಿನ ಓ2ನಲ್ಲಿ, ಒಂದೇ ಒಂದು ರಾತ್ರಿ ಗಿಲ್ಮೋರನೇ ಬಂದು ಗೋಡೆ ಹತ್ತಿದ. ಟಿಕೆಟ್ ಇದ್ದವರ ಪುಣ್ಯ!)

ಪೂರ್ತಿ ಬ್ಯಾಂಡನ್ನ ನೋಡಿದ್ರೆ ನನಗಿದು ಗೊತ್ತಾಗ್ತಿತ್ತಾ? ಇಲ್ಲ ಅನ್ಸತ್ತೆ. ಎಲ್ಲ ಸೇರಿದಾಗ ಯಾವುದು ಯಾರದು ತಿಳಿಯೋದೇ ಇಲ್ಲ, ಸಾರಿನಲ್ಲಿ ಹುಳಿ ಎಷ್ಟಿತ್ತು ಅಂತ ಗೊತ್ತಾಗೋದು ಹುಳಿ ಹಾಕೋಕೆ ಮರೆತ ದಿನ. ಅರ್ಧ ಬ್ಯಾಂಡಿಗೆ ನಾನು ಪೂರ್ತಿ ದುಡ್ಡು ಕೊಟ್ಟಿದ್ದು ಇದಕ್ಕೆ.

*

ಹಾಗಂತ ಬೇರೆ ಬೇರೆ ಮಾಡಿದ್ದೆಲ್ಲ ಚೆನ್ನ ಅಂತ ನಾನು ಹೇಳ್ತಿಲ್ಲ. 2022ರ ಪ್ರವಾಸದಲ್ಲಿ ವಾಟರ್ಸ್ ಇದೇ ಹಾಡನ್ನ ಶೋದ ಮೊದಲಿಗೇ ತಂದು, ಗತಿ ನಿಧಾನ ಮಾಡಿ, ಗಿಟಾರ್ ಸೋಲೋವನ್ನೇ ಕಿತ್ತುಹಾಕಿದ. ಮರುವರ್ಷ ಡಾರ್ಕ್ ಸೈಡ್ ಪೂರ್ತಿ ಒಬ್ಬನೇ ಮತ್ತೆ ರೆಕಾರ್ಡ್ ಮಾಡಿದ, ಅದರಲ್ಲೂ ಸೋಲೋ ಇಲ್ಲ, ಬದಲಿಗೆ ಮಾತು, ಮಾತು. ಅವನ ಹಾಡು, ಅವನ ಹಕ್ಕು, ಸರಿ. ಆದ್ರೆ ನನ್ನಂಥ ಕನ್ನಡ ಮೀಡಿಯಮ್ ಹುಡುಗ ಒಳಗೆ ಬಂದಿದ್ದೇ ಆ ಬಾಗಿಲಿಂದ, ಅದನ್ನೇ ಮುಚ್ಚಿಬಿಟ್ರೆ ಹೇಗೆ?

ನಮ್ಮಲ್ಲೂ ಇಂಥದ್ದು ಆಗಿದೆಯಲ್ಲ. 2017ರಲ್ಲಿ ಎಸ್ಪಿಬಿ ಅಮೆರಿಕಾ ಪ್ರವಾಸದಲ್ಲಿದ್ದಾಗಲೇ ಇಳಯರಾಜಾ ಕಡೆಯಿಂದ ವಕೀಲರ ನೋಟಿಸು ಬಂತು, ಅವರ ಹಾಡುಗಳನ್ನ ಬಿಟ್ಟು ಎಸ್ಪಿಬಿ ಕಾರ್ಯಕ್ರಮ ಕೊಟ್ಟರು. ಕಾನೂನು ಯಾರ ಕಡೆ ಇತ್ತು ಅನ್ನೋದು ವಕೀಲರ ವಿಷಯ. ಪುಣ್ಯಕ್ಕೆ 2019ರಲ್ಲಿ ಇಬ್ಬರೂ ಒಂದೇ ವೇದಿಕೆ ಹತ್ತಿದರು. ಮರುವರ್ಷ ಎಸ್ಪಿಬಿಯೇ ಇರಲಿಲ್ಲ.

ಇವರಿಬ್ಬರ ಜಗಳ ಮಾತ್ರ ಹಾಡು ದಾಟಿ ರಾಜಕೀಯಕ್ಕೆ ಹೋಯ್ತು. 2022ರ ಏಪ್ರಿಲ್‌ನಲ್ಲಿ ಗಿಲ್ಮೋರ್ ಮತ್ತು ಮೇಸನ್ ಉಕ್ರೇನಿಗಾಗಿ ಪಿಂಕ್ ಫ್ಲಾಯ್ಡ್ ಹೆಸರಲ್ಲಿ ಒಂದು ಹಾಡು ತಂದರು. 2023ರ ಫೆಬ್ರವರಿಯಲ್ಲಿ ವಾಟರ್ಸ್ ರಷ್ಯಾದ ಆಹ್ವಾನದ ಮೇಲೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಮಾತಾಡಿದ. ಅದೇ ತಿಂಗಳು ಗಿಲ್ಮೋರನ ಹೆಂಡತಿ ಟ್ವಿಟರಿನಲ್ಲಿ ವಾಟರ್ಸನನ್ನ ಸಿಕ್ಕಾಪಟ್ಟೆ ಬೈದಳು, ಗಿಲ್ಮೋರ್ ಅದಕ್ಕೆ ದನಿಗೂಡಿಸಿದ. ಇತ್ತ ಮೈಸೂರಿನಲ್ಲಿರುವ ಗೆಳೆಯನೂ ನಾನೂ ವಾಟ್ಸಾಪಿನಲ್ಲಿ ಶುರು ಹಚ್ಚಿಕೊಂಡೆವು. ಮೊದಲು ಉಕ್ರೇನು, ಆಮೇಲೆ "ನೀನು ಅಲ್ಲಿಗೆ ಹೋದ್ಮೇಲೆ ಹಿಂಗಾಗಿದೀಯ" ಅಂತ ಅವನು, "ನೀನು ಅಲ್ಲೇ ಇದ್ದು ಹಂಗಾಗಿದೀಯ" ಅಂತ ನಾನು. ಹಾಸ್ಟೆಲ್ಲಿನ ಜಗಳದ ಥರ ಇರಲಿಲ್ಲ ಅದು. ಒಂದೂವರೆ ವರ್ಷಕ್ಕೂ ಹೆಚ್ಚು ಮೆಸೇಜು ನಿಂತುಹೋಯ್ತು.

ಒಂದು ಶೋ ಬಿಟ್ಟು ಕೆಟ್ಟೆ. 2019ರ ಏಪ್ರಿಲ್‌ನಲ್ಲಿ ನಿಕ್ ಮೇಸನ್ ತನ್ನ ಹೊಸ ತಂಡ ಕಟ್ಟಿಕೊಂಡು ಬೀಕನ್ ಥಿಯೇಟರಿಗೆ ಬಂದಿದ್ದ, ಡ್ರಮ್ಮಿನವನನ್ನ ನೋಡೋಕೆ ಯಾರು ಹೋಗ್ತಾರೆ ಅಂತ ಉದಾಸೀನ ಮಾಡಿದೆ. ವಾಟರ್ಸ್ ಸ್ಟೇಜಿಗೆ ಬಂದು ಅವನ ಜೊತೆ ಒಂದು ಹಾಡು ಹಾಡಿ ಹೋದ! ಬ್ಯಾಂಡಿನ ಎಲ್ಲ ಆಲ್ಬಮ್ಮುಗಳಲ್ಲೂ ಇರುವ ಒಬ್ಬನೇ ಮನುಷ್ಯ ಮೇಸನ್, ಎರಡು ಮನೆಗೂ ಹೋಗಿ ಕಾಫಿ ಕುಡಿದು ಬರುವ ಸೋದರಮಾವನ ಹಾಗೆ. ಗಿಲ್ಮೋರ್ ಕೈಬಿಟ್ಟ ಎಕೋಸನ್ನ 2022ರಿಂದ ನುಡಿಸ್ತಿದ್ದದ್ದೂ ಅವನ ತಂಡವೇ.

ಸರಿ, ಕೊನೆಗೆ ಆ ನವೆಂಬರ್ ರಾತ್ರಿ. "ನೀವೇ ಹೋಗಿಬನ್ನಿ" ಅಂದಳು ಹೆಂಡತಿ, ಒಬ್ಬನೇ ಹೋದೆ. ಎಪ್ಪತ್ತೆಂಟರ ಗಿಲ್ಮೋರ್, ಪಕ್ಕದಲ್ಲಿ ಹಾರ್ಪ್ ನುಡಿಸಿ ಹಾಡುವ ಮಗಳು ರೋಮನಿ. ದನಿ ಸ್ವಲ್ಪ ಸವೆದಿದೆ, ಬೆರಳು ಸವೆದಿಲ್ಲ. ಕೊನೆಯಲ್ಲಿ ಅದೇ ಹಾಡು. ಡಾಕ್ಟರನ ಸಾಲುಗಳನ್ನ ತಂಡದವರು ಹಾಡಿದರು, ಶ್ರುತಿ ಎಲ್ಲೂ ತಪ್ಪಲಿಲ್ಲ, ಬಹಳ ನಯ. ಆ ಡಾಕ್ಟರು ಅಷ್ಟು ನಯವಾಗಿರಬಾರದು. ನನಗೇ ಗೊತ್ತಿಲ್ಲದ ಹಾಗೆ ನಾನು ವಾಟರ್ಸನ ಒರಟು ದನಿಯಲ್ಲಿ ಗೊಣಗುತ್ತಿದ್ದೆ. ಪಕ್ಕದ ಸೀಟಿನ ಎಪ್ಪತ್ತರ ಅಜ್ಜನೂ ಗೊಣಗುತ್ತಿದ್ದ. ಆಮೇಲೆ ಗಿಟಾರು ಶುರುವಾಯ್ತು, ಇಬ್ಬರೂ ಬಾಯಿ ಮುಚ್ಚಿದೆವು.

ಫೋನಿನಲ್ಲಿ ಒಂದು ನಿಮಿಷದಷ್ಟು ಹಿಡಿದಿದ್ದೆ. ಪೆನ್ ಸ್ಟೇಷನ್ನಿನಲ್ಲಿ ರಾತ್ರಿ ಟ್ರೇನಿಗೆ ಕಾಯ್ತಾ, ಏನೂ ಬರೆಯದೆ ಗೆಳೆಯನಿಗೆ ಕಳಿಸಿದೆ. ಅಲ್ಲಿ ಬೆಳಗಾಗಿತ್ತು. ಎರಡು ನೀಲಿ ಗೆರೆ ಬಂತು, ಬಹಳ ಹೊತ್ತು ಏನೂ ಇಲ್ಲ. ಟ್ರೇನು ಸುರಂಗಕ್ಕೆ ಇಳಿಯುವ ಮುಂಚೆ ಉತ್ತರ ಬಂತು:

"ಹಾಡ್ತಿರೋನು ಯಾವನೋ ಇವ್ನು?"